ಮೂವರ ಹೆಸರಿಗೂ ಒಂದು ಮನೆ

"ಹೊರಗಿನವರಿಗೆ ಮನೆ ಕೊಡಲ್ಲ."

ಈ ತಿಂಗಳು ಕೋಲಾರದಲ್ಲಿ ನಾಲ್ಕು ಕಡೆ ಇದೇ ಮಾತು ಕೇಳಿದೆ. ನಾವು ಮೂವರು ಗೆಳತಿಯರು ಪಿಜಿ ಬಿಟ್ಟು ಮನೆ ಮಾಡೋಣ ಅಂತಿದ್ದೇವೆ. ಒಬ್ಬಳು ಲಿಂಗಸೂಗೂರು ತಾಲ್ಲೂಕಿನವಳು, ಇನ್ನೊಬ್ಬಳು ಒಡಿಶಾದವಳು. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಮೂವರಿಗೂ ಒಂದೇ ಶಿಫ್ಟು. ಮನೆ ಮಾಲೀಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಇಲ್ಲಿಯವಳೇ ಅಲ್ವಾ, ನಿನಗಾದರೆ ಕೊಡ್ತೀನಿ" ಅಂದರು.

ನಾನು ಇಲ್ಲಿಯವಳು ಹೇಗಾದೆ ಅಂತ ಹೇಳಬೇಕು.

ನಮ್ಮ ತಾತ ಗುಡಿಯಾತ್ತಂ ಕಡೆಯಿಂದ ಕೆಜಿಎಫ್‌ಗೆ ಗಣಿ ಕೆಲಸಕ್ಕೆ ಬಂದವರು. ಕನ್ನಡ ಒಂದಕ್ಷರ ಗೊತ್ತಿರಲಿಲ್ಲ. ಗಣಿ ಕೆಲಸದವರ ಸಾಲುಮನೆಯಲ್ಲಿ (ಲೈನ್ ಮನೆ ಅಂತಿದ್ದರು) ಪಕ್ಕದವರು ಮದನಪಲ್ಲಿ ಕಡೆಯ ತೆಲುಗಿನವರು. ಇಬ್ಬರೂ ಒಂದೇ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದರು. ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಗಣಿ ಅದು. ಅಷ್ಟು ಆಳದಲ್ಲಿ ಬಂಡೆ ಯಾವಾಗ ಸಿಡಿಯುತ್ತದೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಬಂಡೆ ಸಿಡಿದು ಏರ್ ಬ್ಲಾಸ್ಟ್ ಆದರೆ ಮೇಲೆ ಮನೆಯ ಪಾತ್ರೆಗಳೂ ಅಲುಗಾಡುತ್ತಿದ್ದವಂತೆ. ಹೆಂಗಸರೆಲ್ಲ ಶಾಫ್ಟ್ ಕಡೆ, ಗಣಿಗೆ ಇಳಿಯುವ ಬಾವಿಯ ಕಡೆ, ಓಡುತ್ತಿದ್ದರು. ಓಡುವ ಮುಂಚೆ ಅಜ್ಜಿ ನಮ್ಮಪ್ಪನನ್ನು ಆ ಪಕ್ಕದ ಮನೆಯ ಮುದುಕಿಯ ಮಡಿಲಿಗೆ ಹಾಕುತ್ತಿದ್ದರು. ತಾತ ತಮಿಳಿನಲ್ಲಿ ಕೇಳಿದರೆ ಅವರು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು. ಕಡೇತನಕ ಹಾಗೇ ಮಾತಾಡಿದರು.

ಇನ್ನೊಂದು ಮಾತು. ತಾತ ತಮ್ಮ ಊರಿನಲ್ಲೇ ಉಳಿದಿದ್ದರೆ ಆ ಪಕ್ಕದವರ ಜಾತಿಯ ಜನರ ಮನೆಯ ಹೊಸಿಲು ದಾಟಲು ಯಾರೂ ಬಿಡುತ್ತಿರಲಿಲ್ಲ. ಇಲ್ಲಿ ಪಕ್ಕಪಕ್ಕ ಕೂತು ಉಂಡರು. ಅವರಿಬ್ಬರೂ ಊರು ಬಿಟ್ಟು ಬಂದಿದ್ದರಿಂದಲೇ ಆ ಸ್ನೇಹ ಆಯಿತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಕೆಲಸದ ಜಾಗದ ಸ್ನೇಹ ಕೆಲಸ ಇರುವ ತನಕ ಅಂತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಮನೆಯವರು ಬೆಂಗಳೂರಿಗೆ ಹೋದರು. ಯುಗಾದಿಗೆ ಅವರ ಒಬ್ಬಟ್ಟು ಇವತ್ತಿಗೂ ಮಾರಿಕುಪ್ಪಂ ರೈಲು ಹತ್ತಿ ನಮ್ಮಮ್ಮನ ಮನೆಗೆ ಬರುತ್ತದೆ. ಅಪ್ಪ ತೀರಿಕೊಂಡ ದಿನ ಹೆಗಲು ಕೊಟ್ಟವರಲ್ಲಿ ಆ ಮನೆಯ ಮಗನೂ ಒಬ್ಬ. ನಮ್ಮ ದಾಯಾದಿಗಳು ಮೂರನೇ ದಿನ ಬಂದರು.

ಲಿಂಗಸೂಗೂರಿನ ಹುಡುಗಿಯ ಹಳ್ಳಿ ಹಟ್ಟಿ ಅನ್ನೋ ಊರಿನ ಪಕ್ಕದಲ್ಲೇ. ಅಲ್ಲಿ ಚಿನ್ನದ ಗಣಿ ಇನ್ನೂ ನಡೆಯುತ್ತಿದೆ. ನಾನು ಕೇಜು, ಶಾಫ್ಟು ಅಂದಾಗ ಹಾಗಂದರೇನು ಅಂತ ಕೇಳದೆ ತಲೆಯಾಡಿಸಿದವಳು ಅವಳೊಬ್ಬಳೇ. ಅವತ್ತು ಶಿಫ್ಟ್ ಬಸ್ಸಿನಲ್ಲಿ ಕೋಲಾರ ಬರುವವರೆಗೂ ಮಾತು ನಿಲ್ಲಲಿಲ್ಲ. ಅವಳ ಊರಿಂದ ರೊಟ್ಟಿ, ಶೇಂಗಾ ಚಟ್ನಿ ಬಂದರೆ ಮೂರು ಪಾಲು. ಒಡಿಶಾದವಳ ಜೊತೆ ಮಾತು ಅರ್ಧ ಹಿಂದಿ, ಅರ್ಧ ಕೈಸನ್ನೆ. ಆದರೆ ನನಗೆ ಡೆಂಗ್ಯೂ ಆದಾಗ ರಾತ್ರಿ ಶಿಫ್ಟ್ ಮುಗಿಸಿ ಬಂದು, ಮಲಗದೆ ಗಂಜಿ ಕಾಯಿಸಿದವಳು ಅವಳೇ. ಒಂಬತ್ತು ದಿನ.

ಇವರನ್ನು ಬಿಟ್ಟು ನಾನೊಬ್ಬಳೇ ಹೋಗಬೇಕಂತೆ.

ಟೇಕಲ್ ರಸ್ತೆ ಕಡೆ ಎರಡು ರೂಮಿನ ಮನೆ ಇದ್ದರೆ ಹೇಳಿ. ರಾತ್ರಿ ಶಿಫ್ಟ್ ಇರುತ್ತದೆ, ಹೊತ್ತಲ್ಲದ ಹೊತ್ತಲ್ಲಿ ಬರುತ್ತೇವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕರಾರು ಪತ್ರದಲ್ಲಿ ಮೂವರ ಹೆಸರೂ ಇರಬೇಕು.