ಲೈಬ್ರರಿ ಇದ್ದರೂ ಇಲ್ಲ ಅನ್ನೋ ಲಿಂಕರ್

ಲಿನಕ್ಸ್‌ನಲ್ಲಿ ಪ್ರೋಗ್ರಾಂ ಕಟ್ಟುವಾಗ 'ಕೆನಾಟ್ ಫೈಂಡ್ ಮೈನಸ್ ಎಲ್ ಎಸ್‌ಎಸ್‌ಎಲ್' ಅನ್ನುತ್ತೆ ಲಿಂಕರ್, ಅಂದರೆ ಕಂಪೈಲ್ ಆದ ಕೋಡನ್ನ ಲೈಬ್ರರಿ ಜೊತೆ ಜೋಡಿಸೋ ಟೂಲ್. ಲೈಬ್ರರಿ ಕಣ್ಣೆದುರೇ ಇದೆ! ಆದರೆ ಇರೋದು 'ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಓ ಡಾಟ್ 3'. ಲಿಂಕರ್‌ಗೆ ಬೇಕಾದದ್ದು ಕೊನೆಯ ಅಂಕಿಯಿಲ್ಲದ ಹೆಸರು. ಆ ಹೆಸರಿನ ಸಿಮ್‌ಲಿಂಕ್ (ನಿಜವಾದ ಫೈಲಿನತ್ತ ಕೈ ತೋರಿಸೋ ಹೆಸರು) ಬರೋದು ಡೆಬಿಯನ್, ಉಬುಂಟುವಿನಲ್ಲಿ 'ಡೆವ್' ಪ್ಯಾಕೇಜ್ ಜೊತೆ, ಫೆಡೋರಾದಲ್ಲಿ 'ಡೆವೆಲ್' ಜೊತೆ. ಇಷ್ಟನ್ನ ರೀಡ್‌ಮಿಯಲ್ಲಿ ಒಂದು ಸಾಲು ಬರೆದಿಡೋಕೆ ಏನು ಕಷ್ಟ?

'ಅನ್‌ಡಿಫೈನ್ಡ್ ರೆಫರೆನ್ಸ್' (ಕರೆದ ಫಂಕ್ಷನ್ ಎಲ್ಲೂ ಸಿಗಲಿಲ್ಲ ಅನ್ನೋ ಎರರ್) ಬಂದರೆ ಮೊದಲು ಕಮ್ಯಾಂಡಿನ ಕ್ರಮ ನೋಡಿ. 'ಡಾಟ್ ಎ' ಫೈಲುಗಳನ್ನ, ಅಂದರೆ ಸ್ಟ್ಯಾಟಿಕ್ ಲೈಬ್ರರಿಗಳನ್ನ, ಲಿಂಕರ್ ಎಡದಿಂದ ಬಲಕ್ಕೆ ಓದುತ್ತೆ, ಆ ಹೊತ್ತಿಗೆ ಬೇಕಾದ ಸಿಂಬಲ್ (ಫಂಕ್ಷನ್, ವೇರಿಯಬಲ್ ಹೆಸರು) ಇರೋ ಭಾಗ ಮಾತ್ರ ಎತ್ತಿಕೊಳ್ಳುತ್ತೆ. ಹಾಗಾಗಿ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ನಿಮ್ಮ ಕೋಡ್) ಮೊದಲು, ಲೈಬ್ರರಿ ಆಮೇಲೆ. ಸಿಂಬಲ್ ಹೆಸರಲ್ಲಿ 'ಸಿಎಕ್ಸ್‌ಎಕ್ಸ್11' ಕಂಡರೆ ಕಥೆ ಬೇರೆ: 2015ರ ಜಿಸಿಸಿ 5 ಕಂಪೈಲರಿನಲ್ಲಿ ಸಿ++ ಸ್ಟ್ರಿಂಗ್‌ನ ಎಬಿಐ (ಕಂಪೈಲ್ ಆದ ಕೋಡ್ ಒಂದಕ್ಕೊಂದು ಕೂಡೋ ರೀತಿ) ಬದಲಾಯ್ತು, ಹಳೆಯ ರೀತಿ ಕಂಪೈಲ್ ಆದ ಲೈಬ್ರರಿ ಹೊಸದರ ಜೊತೆ ಕೂಡಲ್ಲ. ಎರಡೂ ಒಂದೇ ಸೆಟ್ಟಿಂಗ್‌ನಲ್ಲಿ ಕಂಪೈಲ್ ಆಗಿರಲೇಬೇಕು.

ಮೈ ಉರಿಯೋದು ಮಾತ್ರ, ಪ್ರೋಗ್ರಾಂ ಓಡಿಸುವಾಗ ಹಳೆಯ ವರ್ಷನ್ ಲೈಬ್ರರಿ ಸಿಗದಿದ್ದರೆ ಬರೋ ಬಿಟ್ಟಿ ಸಲಹೆಗೆ: '1.1 ಇಲ್ವಾ? 3ಕ್ಕೆ ಒಂದು ಸಿಮ್‌ಲಿಂಕ್ ಹಾಕಿ.' ದಯವಿಟ್ಟು ಹಾಕಬೇಡಿ! ಆ ಅಂಕಿ ಬದಲಾಗಿರೋದೇ ಎಬಿಐ ಮುರಿದಿದೆ ಅಂತ ತಿಳಿಸೋಕೆ. ಓಪನ್‌ಎಸ್‌ಎಸ್‌ಎಲ್ (ಲಿಬ್‌ಎಸ್‌ಎಸ್‌ಎಲ್ ಇದರದ್ದೇ) ಆದರೆ ವರ್ಷನ್ ಸಿಗಲಿಲ್ಲ ಅಂತ ಪ್ರೋಗ್ರಾಂ ಅಲ್ಲೇ ನಿಲ್ಲುತ್ತೆ. ಸಿಂಬಲ್‌ಗಳಿಗೆ ವರ್ಷನ್ ಗುರುತು ಇಲ್ಲದ ಲೈಬ್ರರಿ ಸುಮ್ಮನೆ ಲೋಡ್ ಆಗಿ, ಆಮೇಲೆ ಎಲ್ಲೋ ಕ್ರ್ಯಾಶ್ ಆಗಬಹುದು. ಮೊದಲು ಪ್ರೋಗ್ರಾಂ ಮೇಲೆ ಎಲ್‌ಡಿಡಿ (ಬೇಕಾದ ಲೈಬ್ರರಿಗಳ ಪಟ್ಟಿ ಕೊಡೋ ಕಮ್ಯಾಂಡ್) ಓಡಿಸಿ 'ನಾಟ್ ಫೌಂಡ್' ಸಾಲು ನೋಡಿ. ಸರಿಯಾದ ವರ್ಷನ್ ಬೇರೆ ಫೋಲ್ಡರಿನಲ್ಲಿದ್ದರೆ ಆ ದಾರಿಯನ್ನ 'ಎಲ್‌ಡಿ ಡಾಟ್ ಎಸ್‌ಓ ಡಾಟ್ ಕಾನ್ಫ್ ಡಾಟ್ ಡಿ' ಫೋಲ್ಡರ್ ಒಳಗೊಂದು ಫೈಲಿನಲ್ಲಿ ಬರೆದು, ರೂಟ್ ಆಗಿ ಎಲ್‌ಡಿಕಾನ್ಫಿಗ್ (ಸಿಸ್ಟಮ್‌ನ ಲೈಬ್ರರಿ ಪಟ್ಟಿ ಹೊಸದು ಮಾಡೋ ಕಮ್ಯಾಂಡ್) ಓಡಿಸಿ.