ಅಜ್ಜಿಯನ್ನೇ ಕೇಳಿ, ಪಕ್ಕದಲ್ಲಿ ನಿಂತವರನ್ನಲ್ಲ

ಬಿಪಿ ತೋರಿಸಿಕೊಂಡು ಬರೋಣ ಅಂತ ಹೋದವಳು ಬಿಪಿ ಏರಿಸಿಕೊಂಡು ಬಂದಿದ್ದೇನೆ. ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಎದುರಿಗೆ ಒಬ್ಬ ಅಜ್ಜಿ. ಎಂಬತ್ತರ ಆಸುಪಾಸು. ಪಕ್ಕದಲ್ಲಿ ಮಗ. ಕೌಂಟರಿನ ಹುಡುಗಿ ಮಗನನ್ನು ಕೇಳಿದಳು, "ಇವರಿಗೆ ಏನಾಗಿದೆ?" ಸಿಸ್ಟರ್ ಬಂದರು, ಅವರೂ ಮಗನನ್ನೇ ಕೇಳಿದರು. ಊಟ ಮಾಡ್ತಾರಾ, ನಿದ್ದೆ ಬರುತ್ತಾ, ಮೋಷನ್ ಸರಿಯಾಗಿ ಆಗುತ್ತಾ. ಎಲ್ಲಕ್ಕೂ ಅವನದೇ ಉತ್ತರ. ಮೋಷನ್ನಿಗೂ! ಅಜ್ಜಿ ಮಾತ್ರ ಯಾರೋ ಬಿಟ್ಟುಹೋದ ಕೊರಿಯರ್ ಪಾರ್ಸಲ್ ಥರ ಸುಮ್ಮನೆ ಕೂತಿದ್ದರು. ಒಂದೆರಡು ಸಲ ತುಟಿ ಅಲುಗಿತು. ಪ್ರತಿಸಲವೂ ಮೊದಲು ಮಗನ ಮುಖ ನೋಡಿದರು, ಆಮೇಲೆ ಬಾಯಿ ಮುಚ್ಚಿಕೊಂಡರು.

ಅಪ್ಪನ ಕೊನೆಯ ನಾಲ್ಕು ವರ್ಷ ನನ್ನ ಜೊತೆಗೇ ಕಳೆದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹಾಗಾಗಿ ನನ್ನ ಕಣ್ಣು ಮೊದಲು ಹೋದದ್ದು ಅಜ್ಜಿಯ ಕಿವಿಗೆ. ಕಿವಿಯಲ್ಲಿ ಮೆಷಿನ್ ಇತ್ತು, ಆದರೆ ಬ್ಯಾಟರಿ ಕೂರುವ ಪುಟಾಣಿ ಬಾಗಿಲು ತೆರೆದು ನೇತಾಡುತ್ತಿತ್ತು. ಆ ಬಾಗಿಲು ತೆರೆದಿದ್ದರೆ ಮೆಷಿನ್ ಆಫ್ ಅಂತಲೇ ಅರ್ಥ. ಅಂದರೆ ಅಲ್ಲಿ ತನ್ನ ಬಗ್ಗೆ ನಡೆಯುತ್ತಿದ್ದ ಮಾತು ಅಜ್ಜಿಗೆ ಕೇಳಿಸುತ್ತಲೇ ಇರಲಿಲ್ಲ. ಅದನ್ನು ಯಾರೂ ನೋಡಿರಲಿಲ್ಲ. ಅಜ್ಜಿಯನ್ನು ಮಾತಾಡಿಸಿದ್ದರೆ ತಾನೇ ಕಿವಿ ಕೇಳಿಸುತ್ತೋ ಇಲ್ಲವೋ ಅಂತ ಗೊತ್ತಾಗೋದು.

ಬಿಪಿ ನೋಡೋಕೆ ಸಿಸ್ಟರ್ ತೋಳು ಮೇಲಕ್ಕೆ ಸರಿಸಿದಾಗ ಮೇಲ್ತೋಳಿನ ಒಳಬದಿಯಲ್ಲಿ ನಾಲ್ಕು ನೀಲಿ ಕಲೆ ಕಂಡವು. ಸಾಲಾಗಿ, ಒಂದೊಂದೂ ಬೆರಳ ತುದಿಯಷ್ಟು. "ಏನ್ ಸಾರ್ ಇದು?" ಮತ್ತೆ ಸಾರ್‌ಗೇ ಪ್ರಶ್ನೆ! "ರಕ್ತ ತೆಳು ಮಾಡೋ ಮಾತ್ರೆ ತಗೋತಾರಲ್ಲ, ಸುಮ್ನೆ ಮುಟ್ಟಿದ್ರೂ ಕಲೆ ಆಗುತ್ತೆ." ಸಿಸ್ಟರ್ ತಲೆಯಾಡಿಸಿ ಬಿಪಿ ಬರೆದುಕೊಂಡರು.

ಅವನು ಹೇಳಿದ್ದು ನಿಜವೂ ಇರಬಹುದು. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪೆಟ್ಟಿಗೂ ಕಲೆ ಬೀಳುತ್ತದೆ, ವಯಸ್ಸಾದವರ ಚರ್ಮವೂ ತೆಳು. ಅವನು ಕೆಟ್ಟವನು ಅಂತ ನಾನಿಲ್ಲಿ ತೀರ್ಪು ಕೊಡ್ತಿಲ್ಲ. ನನ್ನ ಸಿಟ್ಟು ಬೇರೆ. ತೋಳು ಅಜ್ಜಿಯದು, ಕಲೆ ಅಜ್ಜಿಯದು, ನೋವೂ ಅಜ್ಜಿಯದು. ಪ್ರಶ್ನೆ ಮಾತ್ರ ಮಗನಿಗೆ ಯಾಕೆ?

"ವಯಸ್ಸಾದವರಿಗೆ ಏನು ನೆನಪಿರುತ್ತೆ ಬಿಡಿ" ಅನ್ನೋರಿಗೆ ಒಂದು ವಿಷಯ ಹೇಳ್ತೀನಿ. ಕ್ಯಾಲಿಫೋರ್ನಿಯಾದ ವೈದ್ಯೆ ಲಾರಾ ಮಾಸ್ಕೆಡಾ ಮತ್ತು ಸಂಗಡಿಗರು 65 ದಾಟಿದವರ ಮೈಮೇಲಿನ ಕಲೆಗಳನ್ನೇ ಕೂತು ಅಧ್ಯಯನ ಮಾಡಿದ್ದಾರೆ. 2005ರಲ್ಲಿ ಬಂದದ್ದು ಆಕಸ್ಮಿಕವಾಗಿ ಆಗುವ ಕಲೆಗಳ ಬಗ್ಗೆ. ಸುಮಾರು ಶೇ. 90ರಷ್ಟು ಕೈಕಾಲುಗಳ ಮೇಲೇ ಇದ್ದವು. ಕುತ್ತಿಗೆ, ಕಿವಿ, ಪೃಷ್ಠ, ಅಂಗಾಲಿನಲ್ಲಿ ಒಂದೂ ಇರಲಿಲ್ಲ. ಅದು ಹೇಗಾಯಿತು ಅಂತ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. 2009ರಲ್ಲಿ ಅದೇ ತಂಡ ಹೊಡೆತ ತಿಂದವರನ್ನು ನೋಡಿತು. ಕಲೆಗಳು ದೊಡ್ಡವು, ಎಷ್ಟೋ ಜನಕ್ಕೆ 5 ಸೆಂ.ಮೀ.ಗಿಂತ ಅಗಲ, ಮುಖ, ಬೆನ್ನು, ಬಲತೋಳಿನ ಹೊರಬದಿಯಲ್ಲಿ ಹೆಚ್ಚು. ಹೇಗಾಯಿತು ಅಂತ ಕೇಳಿದರೆ 10ರಲ್ಲಿ 9 ಜನ ಹೇಳಬಲ್ಲವರಾಗಿದ್ದರು. ಮರೆವಿನ ಕಾಯಿಲೆ ಇದ್ದವರೂ ಅದರಲ್ಲಿ ಸೇರಿದ್ದರು. ಬೆಳಗ್ಗೆ ತಿಂದದ್ದು ಮರೆತರೂ ಪೆಟ್ಟು ಹೇಗೆ ಬಿತ್ತು ಅನ್ನೋದನ್ನು ಎಷ್ಟೋ ಜನ ಮರೆಯೋದಿಲ್ಲ. ಕೇಳಬೇಕಷ್ಟೇ.

ತೋಳಿನ ಮೇಲೆ ನಾಲ್ಕು ಕಲೆ ಇದ್ದಮಾತ್ರಕ್ಕೆ ಏನೂ ಸಾಬೀತಾಗಲ್ಲ, ಒಪ್ಪಿದೆ. ಹೊಡೆತ ಒಂದೇ ಹಿಂಸೆಯೂ ಅಲ್ಲ. ಬ್ಯಾಟರಿ ಹಾಕದ ಕಿವಿ ಮೆಷಿನ್, ಒಡೆದು ತಿಂಗಳುಗಟ್ಟಲೆ ಆದರೂ ಬದಲಾಗದ ಕನ್ನಡಕ, ಮಗ್ಗುಲು ಬದಲಿಸದೆ ಬೆನ್ನಲ್ಲಿ ಎದ್ದ ಹುಣ್ಣು, "ಗಲಾಟೆ ಮಾಡ್ತಾರೆ" ಅಂತ ಹಗಲೇ ನುಂಗಿಸುವ ನಿದ್ದೆ ಮಾತ್ರೆ, ಯಾರದೋ ಜೇಬಿನಲ್ಲಿರುವ ಎಟಿಎಂ ಕಾರ್ಡು. "ಸುಮ್ನಿರದಿದ್ರೆ ಆಶ್ರಮಕ್ಕೆ ಬಿಟ್ಟು ಬರ್ತೀನಿ ನೋಡು" ಅನ್ನೋ ದಿನನಿತ್ಯದ ಹೆದರಿಕೆ. ಇವಕ್ಕೆಲ್ಲ ಮೈಮೇಲೆ ಹೊಡೆತದ ಕಲೆ ಬೀಳಲ್ಲ. 60 ದಾಟಿದವರಲ್ಲಿ ಸುಮಾರು 6 ಜನಕ್ಕೆ ಒಬ್ಬರು ವರ್ಷವೊಂದರಲ್ಲಿ ಇಂಥದ್ದೇನನ್ನೋ ಅನುಭವಿಸುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದು ಮನೆಗಳ ಲೆಕ್ಕ. ಆರೈಕೆ ಕೇಂದ್ರಗಳಲ್ಲಂತೂ ಕಳೆದೊಂದು ವರ್ಷದಲ್ಲಿ ತಾವೇ ಹೀಗೆ ನಡೆದುಕೊಂಡಿದ್ದೇವೆ ಅಂತ 3ರಲ್ಲಿ 2 ಸಿಬ್ಬಂದಿ ಒಪ್ಪಿಕೊಂಡಿದ್ದಾರಂತೆ. ಒಪ್ಪಿಕೊಂಡವರ ಲೆಕ್ಕ, ನೆನಪಿರಲಿ.

ವಯಸ್ಸಾದವರಿಗೆ ಮಾತ್ರ ಹೀಗೆ ಅಂತಲೂ ಅಲ್ಲ. ನನ್ನ ಪರಿಚಯದ ಮನೆಯಲ್ಲಿ ನಲವತ್ತು ದಾಟಿದ ಹೆಣ್ಣುಮಗಳೊಬ್ಬಳಿದ್ದಾಳೆ, ಬುದ್ಧಿ ಬೆಳವಣಿಗೆ ಸ್ವಲ್ಪ ನಿಧಾನ. ಬಂದವರೆಲ್ಲ ಅವಳ ಎದುರಿಗೇ ಅವಳಣ್ಣನನ್ನು "ಪಾಪು ಹೇಗಿದೆ?" ಅಂತ ಕೇಳುತ್ತಾರೆ. ಒಂದು ದಿನ ನಾನು ಅವಳನ್ನೇ ಕೇಳಿದೆ. ಹತ್ತು ನಿಮಿಷ ಬಿಡದೆ ಮಾತಾಡಿದಳು. ತನಗೆ ಯಾವ ಬಟ್ಟೆ ಬೇಡ ಅನ್ನುವುದರಿಂದ ಹಿಡಿದು ರಾತ್ರಿ ರೂಮಿಗೆ ಯಾಕೆ ಹೊರಗಿನಿಂದ ಚಿಲಕ ಹಾಕ್ತಾರೆ ಅನ್ನುವವರೆಗೆ.

ಈಗ ಕಾಮೆಂಟಿಗೆ ಬರ್ತೀರಿ, ಗೊತ್ತು. "ನೋಡಿಕೊಳ್ಳೋರ ಕಷ್ಟ ನೋಡಿಕೊಳ್ಳೋರಿಗೇ ಗೊತ್ತು, ಹೊರಗೆ ನಿಂತು ಮಾತಾಡೋದು ಸುಲಭ" ಅಂತ. ಸ್ವಾಮಿ, ನಾನು ಹೊರಗೆ ನಿಂತವಳಲ್ಲ. ಇದನ್ನು ಇವತ್ತಿನವರೆಗೂ ಎಲ್ಲೂ ಬರೆದಿಲ್ಲ, ಈಗ ಬರೀತೀನಿ. ಒಂದು ರಾತ್ರಿ ಮೂರು ಗಂಟೆಗೆ, ನಾಲ್ಕನೇ ಸಲ ಹಾಸಿಗೆ ಬಟ್ಟೆ ಬದಲಿಸುವಾಗ ಅಪ್ಪ ಕೈ ಬೀಸಿ ತಳ್ಳಿದರು. ನಾನು ಅವರ ಮಣಿಕಟ್ಟು ಹಿಡಿದು ಅದುಮಿದೆ. ಅವರು "ನೋಯ್ತದಮ್ಮಾ" ಅಂದರು. ಆಮೇಲೂ ಒಂದೆರಡು ಕ್ಷಣ ಬಿಡಲಿಲ್ಲ. ಬೆಳಗ್ಗೆ ನೋಡಿದರೆ ಅಲ್ಲಿ ನನ್ನ ಬೆರಳಚ್ಚು. ಆ ವಾರ ಡಾಕ್ಟರ್ ಅದನ್ನು ನೋಡಿ ನನ್ನನ್ನೇ ಕೇಳಿದರು, ಏನಾಯ್ತು ಅಂತ. "ಬಾತ್‌ರೂಮಲ್ಲಿ ಬಿದ್ರು ಡಾಕ್ಟ್ರೇ." ಬರೆದುಕೊಂಡರು. ಎಷ್ಟು ಸಲೀಸು ನೋಡಿ! ನನ್ನನ್ನು ಐದು ನಿಮಿಷ ಹೊರಗೆ ಕಳಿಸಿ ಅಪ್ಪನನ್ನು ಕೇಳಿದ್ದರೆ ಅವರು ಹೇಳುತ್ತಿದ್ದರೇನೋ. ನನ್ನನ್ನೂ "ರಾತ್ರಿ ನಿದ್ದೆ ಮಾಡ್ತೀಯೇನಮ್ಮ?" ಅಂತ ಒಬ್ಬರು ಕೇಳಿದ್ದರೆ ಅಲ್ಲೇ ಕೂತು ಅತ್ತುಬಿಡುತ್ತಿದ್ದೆ, ಕೆಲಸದವರನ್ನೋ ತಮ್ಮನನ್ನೋ ಜೊತೆಗೆ ಕರೆಸಿಕೊಳ್ಳುವ ಬುದ್ಧಿ ಒಂದು ವರ್ಷ ಮೊದಲೇ ಬರುತ್ತಿತ್ತು.

ಹಾಗಾಗಿ ಸುಸ್ತಿನ ಕಥೆ ನನಗೆ ಹೇಳಬೇಡಿ. ಸುಸ್ತು ನಿಜ, ಅಪ್ಪನ ಕೈ ನೊಂದದ್ದೂ ನಿಜ. ಅದೂ ಅಲ್ಲದೆ, ಸುಸ್ತಾಗಿ ಯಾರಾದರೂ ಕೈ ಎತ್ತಬಹುದು, ಸುಸ್ತಾಗಿ ಯಾರೂ ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲ್ಲ. ಮುದುಕರ ಮನೆಯಲ್ಲೇ ಇದ್ದು, ಅವರ ಪಿಂಚಣಿಯಲ್ಲೇ ಉಂಡು, ಅವರನ್ನೇ ಹೆದರಿಸುವವರೂ ಇದ್ದಾರೆ. "ಅವರ ಮನೆ ವಿಷಯ" ಅನ್ನೋ ಇನ್ನೊಂದು ವಾದಕ್ಕೆ ಉತ್ತರ ಕೊಡುವಷ್ಟು ತಾಳ್ಮೆ ಇವತ್ತಿಲ್ಲ.

ಇವತ್ತು ನಾನೇನು ಮಾಡಿದೆ? ಎದ್ದುಹೋಗಿ ಅವನಿಗೆ ನಾಲ್ಕು ಮಾತು ಝಾಡಿಸಬೇಕು ಅನ್ನಿಸಿತು. ಮಾಡಲಿಲ್ಲ. ನಾನು ಶೂರಳಾಗಿ ಮನೆಗೆ ಬರ್ತೀನಿ, ಅಜ್ಜಿ ಅವನ ಜೊತೆಗೇ ವಾಪಸ್ ಹೋಗಬೇಕಲ್ಲ. ನನ್ನ ಮಾತಿನ ಸೇಡು ಯಾರ ಮೇಲೆ ತೀರುತ್ತೆ? ಸಿಸ್ಟರ್ ಹತ್ತಿರ ಹೋಗಿ ಮೆಲ್ಲಗೆ, ಕಿವಿ ಮೆಷಿನ್ ಆಫ್ ಇದೆ, ಅಜ್ಜಿಯನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಿ ನೋಡಿ ಅಂದೆ. "ಮಗ ಹೊಡೀತಾನಾ ಅಂತ ಕೇಳಬೇಡಿ, ಮನೇಲಿ ಯಾರಿಗಾದ್ರೂ ಹೆದರ್ತೀರಾ ಅಂತ ಕೇಳಿ. ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ" ಅಂತಲೂ ಸೇರಿಸಿದೆ. ಅಧಿಕಪ್ರಸಂಗ, ಗೊತ್ತು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ ಅಂತಲೂ ಹೇಳಬೇಕಿತ್ತು. ಜೀವಕ್ಕೆ ಅಪಾಯ ಇದೆ ಅಂತ ಗೊತ್ತಾದ ಮೇಲೆ ಪೊಲೀಸರಿಗೋ ಇನ್ನೊಬ್ಬರಿಗೋ ಹೇಳಲೇಬೇಕಾಗುತ್ತೆ, ಆಗ ಕೊಟ್ಟ ಮಾತು ಮುರಿಯಬೇಕು. ಅಷ್ಟರಲ್ಲಿ ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಬೈಸಿಕೊಂಡೆ ಅಂತಲೇ ಅಂದುಕೊಂಡೆ.

ಅವರು ನನಗೆ ಉತ್ತರ ಕೊಡದೆ ಅಜ್ಜಿ ಹತ್ತಿರ ಹೋದರು. "ಬನ್ನಿ ಅಜ್ಜಿ, ತೂಕ ನೋಡಬೇಕು. ನೀವಿಲ್ಲೇ ಇರಿ ಸಾರ್, ಒಳಗೆ ಜಾಗ ಇಲ್ಲ." ಬಾಗಿಲು ಹಾಕಿಕೊಂಡಿತು. ತೂಕ ನೋಡೋಕೆ ಒಂದು ನಿಮಿಷ ಸಾಕು. ಕಾಲು ಗಂಟೆ ಆಯಿತು. ಮಗ ಫೋನ್ ನೋಡಿದ, ಬಾಗಿಲು ನೋಡಿದ, ಮತ್ತೆ ಫೋನ್ ನೋಡಿದ. ನಡುವೆ ಸಿಸ್ಟರ್ ಹೊರಗೆ ಬಂದು ಡಾಕ್ಟರ ರೂಮಿಗೆ ಹೋಗಿ, ಅವರನ್ನೂ ಕರೆದುಕೊಂಡು ಒಳಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಅಜ್ಜಿ ಹೊರಗೆ ಬಂದಾಗ ಮೆಷಿನ್ನಿನ ಬಾಗಿಲು ಮುಚ್ಚಿತ್ತು. ಮಗ ರೂಢಿಯಂತೆ ಗಂಟಲು ಹರಿಯುವ ಹಾಗೆ "ಏನ್ ಕೇಳಿದ್ರು ಒಳಗೆ?" ಅಂದ.

"ಕಿರುಚಬೇಡ, ಕೇಳಿಸ್ತದೆ" ಅಂದರು ಅಜ್ಜಿ.