ಬಾಣಂತಿಯ ತಲೆದೆಸೆಗೆ ಒಂದು ತಂಬಿಗೆ ನೀರು

ಹದಿನೆಂಟು ದಿನಗಳ ಹಿಂದೆ ಗದಗದ ಬೆಟಗೇರಿಯಲ್ಲಿ ನನ್ನ ಹೆಂಡತಿಯ ತಂಗಿ ಹೆಣ್ಣು ಹೆತ್ತಳು. ಐದನೆಯ ದಿನ ಸಟವಿ ಪೂಜೆ ಮುಗಿಸಿ ಅತ್ತೆ ವಿಡಿಯೊ ಕರೆ ಮಾಡಿದರು. ಕುಂಚಿಗೆಯೊಳಗಿಂದ ಕೂಸಿನ ಕೆಂಪು ಮುಖವಷ್ಟೇ ಕಾಣುತ್ತಿತ್ತು. ನೋಡುತ್ತಿದ್ದಂತೆ ಕಣ್ಣು ತುಂಬಿ ಬಂತು. ಹಿಂದೆ ಹೊರಸಿನ ಮೇಲೆ ಕಿವಿಗೆ ಸ್ಕಾರ್ಫ್ ಬಿಗಿದುಕೊಂಡು ಕುಳಿತಿದ್ದ ನಾದಿನಿಯ ತುಟಿಗಳು ಒಣಗಿ ಬಿರಿದಿದ್ದವು. ‘ಅತ್ತೆ, ಅವಳಿಗೆ ಕುಡಿಯಲು ನೀರು ಕೊಡುತ್ತಿದ್ದೀರಲ್ಲವೇ?’ ಎಂದು ಕೇಳಿದೆ. ಒಂದು ಗಳಿಗೆ ಆ ಕಡೆಯಿಂದ ಮಾತಿಲ್ಲ. ಆಮೇಲೆ ಅತ್ತೆ, ‘ಬಾಣಂತನದ ಉಸಾಬರಿ ಗಂಡಸರಿಗೆ ಯಾಕೆ ಬೇಕು, ಅಳಿಯಂದಿರೇ? ಆ ದೇಶದ ರೀತಿ ಆ ದೇಶದಲ್ಲಿರಲಿ’ ಎಂದರು.

ಪರದೇಶದವನೆಂದು ದೂರ ಇಟ್ಟದ್ದಕ್ಕೆ ಬೇಸರವಿಲ್ಲ. ಐದು ವರ್ಷಗಳಿಂದ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿರುವವನಿಗೆ ಅದು ರೂಢಿಯಾಗಿದೆ. ಚುಚ್ಚಿದ್ದು ‘ಗಂಡಸರಿಗೆ ಯಾಕೆ’ ಎಂಬ ಮಾತು. ಒಂದು ಕಾಲದಲ್ಲಿ ಆ ಮಾತನ್ನು ನಾನೂ ನಂಬಿದ್ದೆ. ನಂಬಿದ್ದಕ್ಕೆ ನೋವುಂಡವಳು ನನ್ನ ಹೆಂಡತಿ.

ನನ್ನ ಮಗಳು ಹುಟ್ಟಿದ್ದು ಏಳು ವರ್ಷಗಳ ಹಿಂದೆ. ಬಾಣಂತನ ನಡೆದದ್ದು ಅದೇ ಬೆಟಗೇರಿಯ ಮನೆಯಲ್ಲಿ, ಅದೇ ಕೋಣೆಯಲ್ಲಿ, ಅದೇ ಹೊರಸಿನ ಮೇಲೆ. ಕಿಟಕಿಗೆ ಕೌದಿ ಇಳಿಬಿಟ್ಟಿದ್ದರು. ಅಗ್ಗಿಷ್ಟಿಕೆ ಒಳಗೆ ತೂರಲೆಂದು ಹೊರಸಿನ ನಾಲ್ಕು ಕಾಲುಗಳಿಗೂ ಇಟ್ಟಂಗಿ ಕೊಟ್ಟು ಎತ್ತರಿಸಿದ್ದರು. ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನಗಳ ಹೊಗೆ ಬಾಗಿಲ ಸಂದಿನಿಂದ ಪಡಸಾಲೆಗೂ ಬರುತ್ತಿತ್ತು. ಆಗ ನಾನು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದೆ. ರವಿವಾರ ಬೆಳಿಗ್ಗೆ ರೈಲು ಹತ್ತಿ ಅಣ್ಣಿಗೇರಿ ದಾಟಿ ಗದಗಕ್ಕೆ ಇಳಿಯುತ್ತಿದ್ದೆ. ಬಾಣಂತಿ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಮಗಳನ್ನು ಹೊರಗೆ ತಂದು ತೋರಿಸುತ್ತಿದ್ದರು, ಐದು ನಿಮಿಷಕ್ಕೆ ಒಳಗೆ ಒಯ್ಯುತ್ತಿದ್ದರು. ನನಗೆ ಸಜ್ಜಕ, ತುಪ್ಪ, ಹಪ್ಪಳ, ಸಂಜೆಗೆ ವಾಪಸು ರೈಲು.

ಎರಡನೆಯ ರವಿವಾರ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಹೆಂಡತಿ ಒಳಗಿನಿಂದ ಮೆಲ್ಲಗೆ ಕರೆದು, ‘ಒಂದು ಲೋಟ ನೀರು ತಂದುಕೊಡುತ್ತೀರಾ?’ ಎಂದಳು. ಅಡುಗೆಮನೆಗೆ ಹೋಗಿ ಕೇಳಿದೆ. ಅವಳ ಆಯಿ, ‘ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿಯಾಗುತ್ತದೆ. ಊಟದ ಜೊತೆ ಎರಡು ಗುಟುಕು ಕೊಟ್ಟಿದ್ದೇವೆ, ಸಾಕು’ ಎಂದರು. ನಾನು ಹೊಸ್ತಿಲಿಗೆ ಮರಳಿ, ‘ಬೇಡವಂತೆ’ ಎಂದೆ.

ಆ ‘ಬೇಡವಂತೆ’ ಇವತ್ತಿಗೂ ನನ್ನ ಗಂಟಲಲ್ಲಿದೆ. ಮುಂದಿನ ವಾರ ಅವಳಿಗೆ ಉರಿಮೂತ್ರ, ಚಳಿಜ್ವರ. ಗದಗದ ವೈದ್ಯರು ನೋಡಿ ಮೂತ್ರದ ಸೋಂಕು ಎಂದರು. ‘ಹಾಲೂಡುವ ತಾಯಿಗೆ ಬೇರೆಯವರಿಗಿಂತ ಹೆಚ್ಚು ನೀರು ಬೇಕು, ನೀವು ಇದ್ದ ನೀರನ್ನೂ ಕಟ್ಟಿದ್ದೀರಿ’ ಎಂದು ಸಿಟ್ಟಾದರು. ಮನೆಯಲ್ಲಿ ಎಲ್ಲರೂ ತಲೆದೂಗಿದರು. ಮಾತ್ರೆ ಮುಗಿದ ಮೇಲೆ ತಂಬಿಗೆ ಮತ್ತೆ ಅಡುಗೆಮನೆಗೆ ಹೋಯಿತು.

ಮಗ ಹುಟ್ಟಿದ್ದು ಕಳೆದ ನವೆಂಬರಿನಲ್ಲಿ, ಉಟ್ರೆಕ್ಟ್‌ನಲ್ಲಿ. ಹೆರಿಗೆ ಸುಸೂತ್ರವಾದರೆ ಇಲ್ಲಿ ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸುತ್ತಾರೆ. ಮನೆಯಲ್ಲೇ ಹೆರುವವರೂ ಬಹಳ. ಮನೆ ಸೇರಿದ ಮೇಲೆ ಕ್ರಾಮ್‌ಝೋರ್ಖ್ ಎಂಬ ಏರ್ಪಾಡು ಶುರುವಾಗುತ್ತದೆ. ಬಾಣಂತನ ಮಾಡಲೆಂದೇ ತರಬೇತಾದ ದಾದಿ ದಿನವೂ ಮನೆಗೆ ಬರುತ್ತಾಳೆ. ನಮಗೆ ಸಿಕ್ಕಿದ್ದು ಎಂಟು ದಿನಗಳಲ್ಲಿ 49 ಗಂಟೆ. ಖರ್ಚಿನ ಹೆಚ್ಚಿನ ಪಾಲು ವಿಮೆಯದು, ಗಂಟೆಗೆ ಇಷ್ಟೆಂದು ಸ್ವಲ್ಪ ನಮ್ಮ ಕೈಯಿಂದ.

ಹೆರಿಗೆಗೆ ಮುಂಚೆಯೇ ಹೇಳಿದ್ದರು: ಮಂಚ ನೆಲದಿಂದ 70ರಿಂದ 80 ಸೆಂಟಿಮೀಟರ್ ಎತ್ತರವಿರಬೇಕು, ಇಲ್ಲದಿದ್ದರೆ ಕಾಲಿಗೆ ಕೊಡುವ ಎತ್ತರದ ದಿಮ್ಮಿಗಳನ್ನು ಬಾಡಿಗೆಗೆ ತನ್ನಿ ಎಂದು. ಆ ದಿಮ್ಮಿಗಳನ್ನು ಮಂಚದ ಕಾಲಿಗೆ ಇಡುವಾಗ ನನಗೆ ಬೆಟಗೇರಿಯ ಇಟ್ಟಂಗಿಗಳು ಕಣ್ಣಿಗೆ ಕಟ್ಟಿದವು. ಅಲ್ಲಿ ಹೊರಸನ್ನು ಎತ್ತರಿಸಿದ್ದು ಕೆಂಡ ಇಡಲು. ಇಲ್ಲಿ ಮಂಚವನ್ನು ಎತ್ತರಿಸಿದ್ದು ಬಾಣಂತನ ಮಾಡುವ ಹೆಂಗಸು ಬಗ್ಗಿ ಬಗ್ಗಿ ಸೊಂಟ ಕೆಡಿಸಿಕೊಳ್ಳದಿರಲೆಂದು. ನಮ್ಮ ಅತ್ತೆಯ ಸೊಂಟವನ್ನು ಯಾರು ಯೋಚಿಸಿದ್ದೆವು? ಎರಡು ಹೆಣ್ಣುಮಕ್ಕಳ ಬಾಣಂತನ ಮಾಡಿದ ಆ ತಾಯಿ ಈಗ ಗೋಡೆ ಹಿಡಿದು ಏಳುತ್ತಾರೆ.

ದಾದಿ ಬಂದವಳೇ ಕೈ ತೊಳೆದುಕೊಂಡು ನೇರ ನನ್ನ ಹೆಂಡತಿಯ ಹತ್ತಿರ ಹೋದಳು. ಕೂಸು ಪಕ್ಕದ ತೊಟ್ಟಿಲಲ್ಲಿತ್ತು, ಅದನ್ನು ಆಮೇಲೆ ನೋಡಿದಳು. ನಿದ್ದೆ ಬಂತೇ, ಮೂತ್ರ ಸಲೀಸಾಗಿ ಆಯಿತೇ, ಹೊಲಿಗೆ ನೋಯುತ್ತಿದೆಯೇ ಎಂದು ಒಂದೊಂದಾಗಿ ಕೇಳಿದಳು. ಹೊಟ್ಟೆಯ ಮೇಲೆ ಬೆರಳೂರಿ ಗರ್ಭಕೋಶ ಎಷ್ಟು ಇಳಿದಿದೆ ಎಂದು ನೋಡಿದಳು. ಜ್ವರ, ನಾಡಿ ನೋಡಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಳು. ಆಮೇಲೆ ಅಡುಗೆಮನೆಗೆ ಹೋಗಿ ದೊಡ್ಡ ಗಾಜಿನ ಹೂಜಿ ತುಂಬಿ ತಂದು ಅವಳ ತಲೆದೆಸೆಗೆ ಇಟ್ಟು, ‘ಪ್ರತಿ ಸಲ ಹಾಲೂಡುವಾಗ ಒಂದು ಲೋಟ’ ಎಂದಳು. ನನ್ನ ಕಡೆ ತಿರುಗಿ, ‘ಈ ಹೂಜಿ ಬರಿದಾಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ’ ಎಂದಳು. ಹೆಂಡತಿ ನನ್ನನ್ನು ನೋಡಿದಳು. ಇಬ್ಬರಿಗೂ ಆ ರವಿವಾರ ನೆನಪಾಗಿತ್ತು.

ಅಲ್ಲಿಂದ ಎಂಟು ದಿನ ನಾನು ಆ ಹೆಂಗಸಿನ ಶಿಷ್ಯನಾದೆ. ಸ್ನಾನದ ನೀರು 37 ಡಿಗ್ರಿ ಇರಬೇಕು, ಮೊಣಕೈ ಅದ್ದಿ ನೋಡಬೇಕು. ಕೂಸಿನ ತಲೆ ನನ್ನ ಮುಂಗೈ ಮೇಲೆ, ನನ್ನ ಬೆರಳುಗಳು ಅದರ ಕಂಕುಳ ಸುತ್ತ. ನನ್ನ ಕೈ ನಡುಗಿದಾಗ ಅವಳು ಕೂಸನ್ನು ಕಸಿದುಕೊಳ್ಳಲಿಲ್ಲ, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದು ಒರೆಸಿ ಒಣಗಿಸುವವರೆಗೆ ಕಾದಳು. ಮಲಗಿಸುವಾಗ ಅಂಗಾತ, ತಲೆಗೆ ದಿಂಬು ಬೇಡ. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ, ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಇಳಿದರೆ ತಡಮಾಡದೆ ತೋರಿಸಬೇಕು, ಎರಡು ವಾರಗಳ ಹೊತ್ತಿಗೆ ಹುಟ್ಟುತೂಕ ಮರಳಬೇಕು. ಮೈಬಿಸಿ 36.5ರಿಂದ 37.5 ಡಿಗ್ರಿಯ ನಡುವೆ ಇರಬೇಕು. ಕೂಸು ತಣ್ಣಗಾದರೆ ಬಿಸಿನೀರು ತುಂಬಿದ ಲೋಹದ ಸೀಸೆಯನ್ನು ಹೊದಿಕೆಯ ಮೇಲೆ, ಮೈಗೆ ತಾಗದಂತೆ ಒಂದು ಕೈಯಗಲ ದೂರ ಇಡುತ್ತಾರೆ. ಕೆಂಡವಿಲ್ಲ, ಹೊಗೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಪ್ರಾಣಕ್ಕೇ ಎರವಾಗಬಲ್ಲದು ಎಂಬುದನ್ನು ನಮ್ಮ ಮನೆಗಳಲ್ಲಿ ಇನ್ನೂ ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ.

ತಾಯಿಯ ಬಗ್ಗೆಯೂ ನನಗೇ ಹೇಳಿದಳು, ಏಕೆಂದರೆ ರಾತ್ರಿ ಎಚ್ಚರವಿರುವವನು ನಾನು. ಗಂಟೆಯೊಳಗೆ ಪ್ಯಾಡ್ ತೊಯ್ದುಹೋಗುವಷ್ಟು ರಕ್ತ ಹೋದರೆ, ಜ್ವರ 38 ಮುಟ್ಟಿದರೆ, ಒಂದೇ ಕಾಲಿನ ಮೀನಖಂಡ ಬಾತು ನೋಯಲು ತೊಡಗಿದರೆ, ಕಣ್ಣು ಮಂಜಾಗುವಂಥ ತಲೆನೋವು ಬಂದರೆ ಬೆಳಗಾಗುವವರೆಗೆ ಕಾಯಬಾರದು. ಬೆಟಗೇರಿಯಲ್ಲಿ ಇವುಗಳಲ್ಲಿ ಒಂದನ್ನೂ ಯಾರೂ ನನಗೆ ಹೇಳಿರಲಿಲ್ಲ. ಹೊಸ್ತಿಲ ಹೊರಗಿದ್ದವನಿಗೆ ಹೇಳಿ ಏನು ಪ್ರಯೋಜನ?

ಒಂದು ವಿಷಯದಲ್ಲಿ ಮಾತ್ರ ಈ ಊರು ನಮ್ಮೂರಿನಂತೆಯೇ. ಕೂಸು ನೋಡಲು ಬಂದವರಿಗೆ ಇಲ್ಲಿ ಬೆಣ್ಣೆ ಸವರಿದ ರಸ್ಕಿನ ಮೇಲೆ ಸಕ್ಕರೆ ಮೆತ್ತಿದ ಸೋಂಪಿನ ಕಾಳು ಹಾಕಿ ಕೊಡುತ್ತಾರೆ. ಗಂಡಾದರೆ ನೀಲಿ-ಬಿಳಿ, ಹೆಣ್ಣಾದರೆ ಗುಲಾಬಿ-ಬಿಳಿ. ಸೋಂಪು ತಿಂದರೆ ತಾಯಿಗೆ ಹಾಲು ಹೆಚ್ಚುತ್ತದೆ ಎಂಬುದು ಇವರ ಹಳೆಯ ನಂಬಿಕೆ. ನಮ್ಮಲ್ಲಿ ಊಟವಾದ ಮೇಲೆ ಬಾಣಂತಿಯ ಅಂಗೈಗೆ ಬಡೇಸೋಪು, ಸಬ್ಬಸಗಿ ಬೀಜ, ಅಜವಾನ ಹಾಕುವುದು ಇದೇ ಆಸೆಯಿಂದ.

ಇಂಥ ದಾದಿ ನಮ್ಮಲ್ಲಿ ಎಲ್ಲಿದ್ದಾಳೆ ಎಂದು ಕೇಳುವವರಿಗೆ ನನ್ನ ಉತ್ತರ: ಇದ್ದಾಳೆ, ನಿಮ್ಮ ಓಣಿಯಲ್ಲೇ ಇದ್ದಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮ ದೇಶದಲ್ಲಿ 2011ರಿಂದ ಇದೆ. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಬರಬೇಕು. ತೂಕದ ತಕ್ಕಡಿ, ಥರ್ಮಾಮೀಟರ್, ಉಸಿರು ಎಣಿಸಲು ಗಡಿಯಾರ ಅವಳ ಚೀಲದಲ್ಲಿ ಇರಬೇಕು. ಕೂಸಿನ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಎಂಬುದು ಅವಳಿಗೆ ಗೊತ್ತು. ನನ್ನ ಮಗಳ ಬಾಣಂತನದಲ್ಲಿ ಅವಳು ಬಂದದ್ದನ್ನು ನಾನೇ ಕಂಡಿದ್ದೇನೆ, ರವಿವಾರವೂ ಬಂದಿದ್ದಳು. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು. ‘ಕೂಸು ಈಗಷ್ಟೇ ಮಲಗಿದೆ, ತಾಯಿಯೂ ಮಲಗಿದ್ದಾಳೆ, ಎಲ್ಲಾ ಆರಾಮ’ ಎಂದರು. ಆಶಾ ಅದನ್ನೇ ‘ತಾಯಿ ಕಾರ್ಡ್’ನಲ್ಲಿ ಬರೆದುಕೊಂಡು ಹೋದಳು. ಒಳಗೆ ಬಾಣಂತಿ ಬಾಯಾರಿ ಎಚ್ಚರವಾಗಿದ್ದಳು. ಬೀದಿ ಸುತ್ತಿ ಬಂದವಳು, ದೃಷ್ಟಿಯಾಗುತ್ತದೆ, ಯಾವ ಜಾತಿಯವಳೋ ಎಂದೆಲ್ಲ ಲೆಕ್ಕ ಹಾಕಿ ನಾವು ನಮ್ಮ ದಾದಿಯನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತೇವೆ. ಇದಕ್ಕೆ ಸರಕಾರವನ್ನು ಬೈದು ಉಪಯೋಗವಿಲ್ಲ.

ಅವಳನ್ನು ಒಳಗೆ ಬಿಟ್ಟಿದ್ದರೆ ಏನು ಹೇಳುತ್ತಿದ್ದಳು? ಹುಟ್ಟಿದ ಗಂಟೆಯೊಳಗೆ ಹಳದಿ ಹಾಲು ಕೊಡಿ, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ನಮ್ಮ ಮನೆಯಲ್ಲಿ ನಡೆದದ್ದು ತದ್ವಿರುದ್ಧ: ನೀರು ಬೇಡದ ಕೂಸಿಗೆ ಒಳಲೆಯಲ್ಲಿ ನೀರು, ನೀರು ಬೇಕಾದ ತಾಯಿಗೆ ಕಟ್ಟು. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೂ ಸವರಬಾರದು. ಅದರಲ್ಲಿರಬಹುದಾದ ರೋಗಾಣು ಎಳೆಯ ಕರುಳಿನಲ್ಲಿ ವಿಷ ಹುಟ್ಟಿಸುತ್ತದೆ. ಹೊಕ್ಕುಳಿಗೆ ಏನೂ ಹಚ್ಚಬಾರದು, ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು, ಕಣ್ಣಿಗೆ ಕಾಡಿಗೆ ಬೇಡ.

ಇಷ್ಟು ಹೇಳಿದ ಮೇಲೆ ಒಂಬತ್ತನೆಯ ದಿನದ ಮಾತನ್ನೂ ಹೇಳಬೇಕು. ಬರೆಯಲು ಮನಸ್ಸಿರಲಿಲ್ಲ, ಹೆಂಡತಿ ಬಿಡಲಿಲ್ಲ.

ಎಂಟನೆಯ ದಿನ ದಾದಿ ಪುಸ್ತಕಕ್ಕೆ ಸಹಿ ಹಾಕಿ, ಅಪ್ಪಿಕೊಂಡು, ಹೊರಟುಹೋದಳು. ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಬಾರಿಸಲಿಲ್ಲ. ಸಂಜೆ ಐದಕ್ಕೆ ಕತ್ತಲು, ಹೊರಗೆ ಮಳೆ. ಅತ್ತೆಯ ವೀಸಾ ಬಂದಿರಲಿಲ್ಲ. ಮಗಳಿಗೆ ಕೆಮ್ಮು, ಮಗ ರಾತ್ರಿಯಿಡೀ ಎದೆಗೆ ಅಂಟಿಕೊಂಡೇ ಇದ್ದ. ಹೂಜಿ ತುಂಬಿತ್ತು. ಹೆಂಡತಿ ಅದನ್ನು ಮುಟ್ಟದೆ ಅಳುತ್ತಾ ಕುಳಿತಿದ್ದಳು. ಏನು ಬೇಕು ಎಂದರೆ, ‘ಯಾರಾದರೂ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಎರೆದರೆ ಸಾಕು’ ಎಂದಳು.

ಬೆಟಗೇರಿಯಲ್ಲಿ ಅವಳು ಬಾಯಾರಿದ್ದಳು, ನಿಜ. ಒಂಟಿಯಾಗಿರಲಿಲ್ಲ. ಹಾಲು ಕುಡಿಸಿದ ಮರುಗಳಿಗೆ ಕೂಸನ್ನು ಎತ್ತಿಕೊಳ್ಳಲು ಅತ್ತೆ, ಚಿಗವ್ವ, ವೈನಿ ಯಾರಾದರೂ ಇರುತ್ತಿದ್ದರು, ಅವಳು ನಿದ್ದೆ ಮಾಡುತ್ತಿದ್ದಳು. ಅಂಟಿನ ಉಂಡೆ ಮುಗಿಯುವ ಮೊದಲೇ ಅಳವಿ ಪಾಯಸ ಬರುತ್ತಿತ್ತು. ನಲವತ್ತು ದಿನ ಒಂದು ಪಾತ್ರೆ ತೊಳೆದವಳಲ್ಲ. ಎಂಟು ದಿನಗಳಲ್ಲಿ ಬಾಣಂತನ ಮುಗಿಯುತ್ತದೆ ಎಂದು ಇಲ್ಲಿಯವರು ಯಾವ ಲೆಕ್ಕದಲ್ಲಿ ನಂಬಿದ್ದಾರೋ ನನಗೆ ತಿಳಿಯದು. ನನಗೆ ಸಿಕ್ಕ ಆರು ವಾರಗಳ ರಜೆ, ಮೊದಲ ವಾರ ಪೂರ್ತಿ ಸಂಬಳ, ಉಳಿದ ಐದಕ್ಕೆ ನೂರಕ್ಕೆ 70, ದೊಡ್ಡ ಆಸರೆ. ಆದರೆ ನಾನು ಒಬ್ಬ, ಅಲ್ಲಿ ಇದ್ದವರು ಏಳು ಮಂದಿ.

ಆ ರಾತ್ರಿ ಅತ್ತೆಗೆ ಕರೆ ಹಚ್ಚಿದೆ. ಅಲ್ಲಿ ನಡುರಾತ್ರಿ ದಾಟಿತ್ತು. ಫೋನನ್ನು ಬಚ್ಚಲ ಕಪಾಟಿನ ಮೇಲೆ ಗೋಡೆಗೆ ಒರಗಿಸಿಟ್ಟೆ. ‘ಎಣ್ಣೆ ಬೆಚ್ಚಗಿರಲಿ. ನೆತ್ತಿಗೆ ಬೊಗಸೆಯಷ್ಟು ಹಾಕಿ, ತಟ್ಟಿ, ತಿಕ್ಕಬೇಡಿ. ಈಗ ಕುತ್ತಿಗೆಯ ಹಿಂದೆ ಎರಡೂ ಹೆಬ್ಬೆರಳು. ಹಾಗೇ ಬೆನ್ನಿಗೆ ಇಳಿಸಿ’ ಎಂದು ಅತ್ತೆ ಹೇಳುತ್ತಾ ಹೋದರು. ನಾನು ಮಾಡುತ್ತಾ ಹೋದೆ. ಹೆಂಡತಿ ಕುಳಿತಲ್ಲೇ ತೂಕಡಿಸಿದಳು. ಆ ರಾತ್ರಿ ಅತ್ತೆ ‘ಗಂಡಸರಿಗೆ ಯಾಕೆ’ ಎನ್ನಲಿಲ್ಲ. ಅದನ್ನು ಮೊನ್ನೆ ಅವರಿಗೆ ನೆನಪಿಸಬೇಕೆಂದಿದ್ದೆ, ನಾಲಿಗೆ ಏಳಲಿಲ್ಲ.

ಬರುವ ಗುರುವಾರ ನಾದಿನಿಯ ಬಾಣಂತನಕ್ಕೆ 21ನೆಯ ದಿನ, ಆಶಾ ಬರುವ ದಿನ. ಷಡ್ಡಕ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅವನಿಗೆ ಫೋನ್ ಮಾಡಿ, ‘ಅಂದು ಒಂದು ದಿನ ಅಂಗಡಿ ಬಿಟ್ಟು ಗದಗಕ್ಕೆ ಹೋಗು. ಆಶಾ ಕಾರ್ಯಕರ್ತೆಯನ್ನು ಪಡಸಾಲೆಯಲ್ಲಿ ಕೂರಿಸಬೇಡ, ನೀನೇ ಒಳಗೆ ಕರೆದುಕೊಂಡು ಹೋಗು. ಹೋಗುವಾಗ ಕೈಯಲ್ಲಿ ಒಂದು ತಂಬಿಗೆ ನೀರಿರಲಿ’ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ‘ಅದು ಅವರ ಮನೆ, ಅಣ್ಣಾ. ಅಳಿಯನಾಗಿ ಬಾಣಂತಿ ಕೋಣೆಗೆ ಹೇಗೆ ಕಾಲಿಡಲಿ?’ ಎಂದ. ‘ಕೂಸು ನಿನ್ನದಲ್ಲವೇ?’ ಎಂದೆ. ನೋಡುತ್ತೇನೆ ಎಂದಿದ್ದಾನೆ.